ಹೆಸರಿನ ಕಾಲಂ

ಬ್ಯಾಂಕಿನವನು ಕೇಳಿದ: ದತ್ತಿ ಯಾರ ಹೆಸರಿನಲ್ಲಿ?
ಅಪ್ಪನದು ಸಲೀಸು. ಬುಡೇನ್ ಸಾಬ್, ಪಿಂಜಾರ,
ಕಾಟನ್ ಮಿಲ್ಲಿನ ಬ್ಲೋರೂಮು, ಟಿಕೆಟ್ ನಂಬರು ನಾನೂರ ಹನ್ನೊಂದು.
ಅಮ್ಮನಲ್ಲಿಗೆ ಬಂದಾಗ ಪೆನ್ನು ನಿಂತಿತು.
ರೇಷನ್ ಕಾರ್ಡಿನಲ್ಲಿ ಮಾಬಮ್ಮ,
ಓಟಿನ ಪಟ್ಟಿಯಲ್ಲಿ ಮಹಬೂಬಿ,
ಮಿಲ್ಲಿನ ಪಿ.ಎಫ್. ಕಾಗದದಲ್ಲಿ ಮಾಬುನ್ನೀಸಾ.
ಮೂರಕ್ಕೂ ಒಂದೇ ಹೆಬ್ಬೆಟ್ಟು.

ಏಪ್ರಿಲ್ ಹತ್ತು ದಾಟಿದರೆ ಸಾಕು,
ಪಾಸು ಫೇಲಿನ ಗದ್ದಲ ಮುಗಿದ ಮನೆಗಳ ಮುಂದೆ,
ಪಿ.ಜೆ. ಬಡಾವಣೆಯ ಗೇಟುಗಳ ಮುಂದೆ,
ಮಂಡಕ್ಕಿಯ ಖಾಲಿ ಚೀಲ ಹಿಡಿದು ನಿಲ್ಲುತ್ತಿದ್ದಳು.
"ಓದಿ ಮುಗ್ಸಿದ ಪುಸ್ತಕ ಐತೇನ್ರವ್ವಾ?"
ತೂಕಕ್ಕೆ ಹಾಕುವವಳೆಂದು ಕೆಲವರು ಚೌಕಾಸಿಗಿಳಿದರು.
ಒಬ್ಬಾಕೆ ಎರಡು ರೊಟ್ಟಿ ಕೊಟ್ಟು ಸಾಗಹಾಕಿದಳು.
ಅದನ್ನೂ ತಂದಳು. ನಾವು ತಿಂದೆವು.

ಅಕ್ಷರ ಬಾರದು, ಆದರೂ ಗುಡ್ಡೆ ತಪ್ಪುತ್ತಿರಲಿಲ್ಲ:
ಆನೆ ಇದ್ದದ್ದು ಎರಡನೇ ಕ್ಲಾಸು,
ಗಾಳಿಪಟದ್ದು ನಾಲ್ಕು,
ಕಪ್ಪೆಯ ಹೊಟ್ಟೆ ಸೀಳಿ ತೋರಿಸಿದ್ದು ವಿಜ್ಞಾನ,
ಅದನ್ನು ಮಾತ್ರ ಮಗುಚಿ ಇಡುತ್ತಿದ್ದಳು.

ರಾತ್ರಿ ಪಾಳಿ ಮುಗಿಸಿ
ಹುಬ್ಬಿನ ಮೇಲಿನ ಹತ್ತಿ ಒರೆಸಿಕೊಳ್ಳದೆ
ಅಪ್ಪ ಹೊಲಿಯಲು ಕೂರುತ್ತಿದ್ದ.
ಮಿಲ್ಲಿನ ವೇಸ್ಟು ನೂಲು, ಮೈದಾ ಅಂಟು, ದಬ್ಬಣ.
ದಾರ ಬೀಳುವುದು ನಡುಪುಟದಲ್ಲಿ,
ಓದುತ್ತಿದ್ದದ್ದೂ ಅಷ್ಟನ್ನೇ, ಕೆಮ್ಮಿನ ಸಂದಿಯಲ್ಲಿ.
ಅಶೋಕ ಯುದ್ಧಕ್ಕೆ ಹೊರಟದ್ದು ಅವನಿಗೆ ಗೊತ್ತಿತ್ತು,
ಗೆದ್ದನೋ ಸೋತನೋ ನಾವು ಹೇಳಬೇಕಿತ್ತು.

ಜೂನಿನಲ್ಲಿ ಭಟ್ಟಿಯ ಓಣಿಯಿಂದ
ಹೊಗೆ ವಾಸನೆಯ ಪುಸ್ತಕಗಳು ಶಾಲೆಗೆ ಹೊರಟವು.
"ಬಗಲಾಗೆ ಇಟ್ಕೊ, ತಲಿ ಮ್ಯಾಲೆ ಹೊರಬ್ಯಾಡ,
ಅದೇನು ಅಕ್ಕಿ ಮೂಟೆನಾ?"

ಈಗ ನಾವು ಮೂವರು ನಿಯಮ ಬರೆಯಲು ಕೂತಿದ್ದೇವೆ.
ಖಾದರಣ್ಣ ಬರೆದ: ಶೇಕಡಾ ಎಂಬತ್ತೈದು ಕಡ್ಡಾಯ.
ಜೀನತ್ ನಕ್ಕಳು, "ಹಂಗಾದ್ರೆ ನಿನಗೇ ಸಿಗ್ತಿರ್ಲಿಲ್ಲ ಬಿಡು."
ಗಣಿತದಲ್ಲಿ ಅವನ ಮೂವತ್ತೈದು
ಮನೆಯಲ್ಲಿ ಇವತ್ತಿಗೂ ಹಬ್ಬದ ಮಾತು.
ಹೊಡೆದು ಹಾಕಿದೆವು.
ಜಾತಿಯ ಕಾಲಂ ಹೊಡೆದೆವು,
ತಂದೆಯ ವಿದ್ಯಾರ್ಹತೆ ಹೊಡೆದೆವು.
ಉಳಿದದ್ದು ಒಂದು ಸಾಲು:
ಹಣ ಪಡೆದವರು ವರ್ಷದ ಕೊನೆಗೆ ತಮ್ಮ ಪುಸ್ತಕಗಳನ್ನು
ಇನ್ನೊಬ್ಬರಿಗೆ ಖುದ್ದಾಗಿ ಮುಟ್ಟಿಸತಕ್ಕದ್ದು.
"ತಕ್ಕದ್ದು" ಬೇಡ ಎಂದೆ. ಅಮ್ಮ ಹಾಗೆ ಮಾತಾಡಿದವಳಲ್ಲ.
"ಮುಟ್ಟಿಸು ಮಗಾ" ಎಂದು ಬರೆದೆವು.
ಆಡಿಟರು ಒಪ್ಪಲಿಲ್ಲ.

ಮೊದಲ ಅರ್ಜಿ ಬಂದಿದೆ, ಹಳೇ ಊರಿನಿಂದ.
ಚೌಡೇಶ್ವರಿ, ಪಿಯುಸಿ ಎರಡನೇ ವರ್ಷ.
ತಾಯಿಯ ಹೆಸರಿನ ಮುಂದೆ ಕೆಂಚಮ್ಮ ಎಂದು ಬರೆದು,
ಹೊಡೆದು, ಮೇಲೆ ಕಾಂಚನ ಎಂದಿದೆ.
ತಿದ್ದಿ ತಾ ಎಂದು ನಾವು ಯಾರೂ ಹೇಳಲಿಲ್ಲ.

ಬ್ಯಾಂಕಿನಲ್ಲಿ ಮೂರೂ ಹೆಸರು ಬರೆಸಿದೆವು.
ಗೆರೆ ಸಾಲದೆ
ಮಾಬುನ್ನೀಸಾದ "ಸಾ"
ಪಾಸ್‌ಬುಕ್ಕಿನ ಹೊಲಿಗೆಯ ಮೇಲೆ ಬಿದ್ದಿದೆ.