ನೆರಳಿನ ಪರೀಕ್ಷೆ

ಶಾರ್ಜಾದ ಹಕ್ಕಿ ಮಾರ್ಕೆಟ್ಟಿನಲ್ಲಿ
ಗಿಳಿಗಳ ಗಲಾಟೆ ಮುಗಿದಲ್ಲಿ ನಮ್ಮ ಗಾಜು ಶುರು.
ಚಪ್ಪಲಿ ಹೊರಗೆ ಬಿಡು ಸುಕೇಶ, ನೆಲ ಯಾವತ್ತೂ ಒದ್ದೆ.
ಉಪ್ಪಿನ ಅಳತೆ ನಾಳೆ ಕಲಿ.
ಇವತ್ತು ಕಣ್ಣಿನ ಕೆಲಸ.

ಈ ತೊಟ್ಟಿಯಲ್ಲಿ ಎರಡು ಅನ್ಫೂಝ್.
ನಡುವೆ ಗಾಜಿನ ಅಡ್ಡ, ಇಲ್ಲದಿದ್ದರೆ ಕಚ್ಚಾಡುತ್ತವೆ.
ನೀಲಿ ಮೈ, ಪಕ್ಕೆಗೆ ಯಾರೋ
ಅರಿಶಿನದ ಕೈ ಒರೆಸಿ ಮರೆತಂತೆ ಹಳದಿ.
ಒಂದು ದಿಬ್ಬಾದ ಬಂಡೆಯಡಿ ಬಲೆಗೆ ಬಿದ್ದದ್ದು,
ಇನ್ನೊಂದು ತೈವಾನಿನ ಶೆಡ್ಡಿನಲ್ಲಿ ಮೊಟ್ಟೆಯೊಡೆದು
ಆಕ್ಸಿಜನ್ ತುಂಬಿದ ಚೀಲದಲ್ಲಿ ವಿಮಾನ ಹತ್ತಿದ್ದು.
ಯಾವುದು ಯಾವುದು, ಹೇಳು ಕಾಣ್ವ.

ಬಣ್ಣ ನೋಡಬೇಡ, ಅದು ಲೈಟಿನ ಸಾಲ.
ಬಾಲದ ಅಂಚು ನೋಡು:
ಕಚ್ಚಿಸಿಕೊಂಡು, ಮತ್ತೆ ಬೆಳೆದು, ಹೊಲಿಗೆ ಹಾಕಿದಂಥ ಗೆರೆ.
ಯಾರೋ ತಿನ್ನಲು ಬಂದಿದ್ದರು, ಇದು ಜಾರಿಕೊಂಡಿತ್ತು.
ಕಡಲು ಕೊಡುವ ಸರ್ಟಿಫಿಕೇಟು ಅಷ್ಟೇ.
ಕಿವಿರಿನ ಮುಚ್ಚಳ, ಸಾಕಿದ ಕೆಲವಕ್ಕೆ ಗಿಡ್ಡ,
ಕಳೆದ ವರ್ಷದ ಅಂಗಿ ತೊಟ್ಟ ಹುಡುಗನ ಹೊಟ್ಟೆಯ ಹಾಗೆ
ಒಳಗಿನ ಕೆಂಪು ಇಣುಕುತ್ತದೆ.
ಪೆಲೆಟ್ ಹಾಕಿದರೆ ಒಂದು ಓಡಿ ಬರುತ್ತದೆ,
ಇನ್ನೊಂದು ಬಾಯಿಗಿಟ್ಟು ಉಗುಳುತ್ತದೆ.
ನಾನೂ ಬಂದ ಹೊಸತರಲ್ಲಿ
ಕುಬೂಸ್ ಉಗುಳಿದವನೇ ಮಾರಾಯ.

ಇಷ್ಟಕ್ಕೂ ತಿಳಿಯದಿದ್ದರೆ
ನೀರಿನ ಮೇಲೆ ಕೈ ಹಿಡಿ. ಮುಟ್ಟಬೇಡ.
ನೆರಳು ಬೀಳಲಿ.
ಕಡಲಿನದ್ದು ಕಲ್ಲಿನ ಹಿಂದೆ ಇಲ್ಲವಾಗುತ್ತದೆ,
ಅದಕ್ಕೆ ನೆರಳೆಂದರೆ ಹಕ್ಕಿ, ದೋಣಿಯ ತಳ.
ಸಾಕಿದ್ದು ಮೇಲೆ ಬರುತ್ತದೆ.
ನೆರಳೆಂದರೆ ಊಟ.

ಚೆಯ್ಯಬ್ಬ ಬ್ಯಾರಿಗಳಿಗೆ ಇದ್ಯಾವುದೂ ಬೇಡ.
ಗಿರಾಕಿಯ ಮುಖ ನೋಡಿ ಮೀನಿನ ಊರು ಹೇಳುತ್ತಾರೆ:
ಗಟ್ಟಿಮುಟ್ಟು ಬೇಕೆಂದವರಿಗೆ ಎರಡೂ ತೈವಾನು,
ಅಸಲಿ ಬೇಕೆಂದವರಿಗೆ ಎರಡೂ ದಿಬ್ಬಾ.
ಮೀನು ಬಾಯಿ ಬಿಡುತ್ತದಾ, ಎಂದು ನಗುತ್ತಾರೆ.
ಬಿಡುತ್ತದೆ, ದಿನವಿಡೀ. ಮಾತು ಬರುವುದಿಲ್ಲ.

ರಂಜಾನಿಗೆ ಮೊದಲು ಒಬ್ಬ ಮುದುಕರು ಬಂದಿದ್ದರು,
ಖೋರ್‌ಫಕ್ಕಾನಿನವರು,
ಗಾಲಿಕುರ್ಚಿ ತಳ್ಳುತ್ತ ಮೊಮ್ಮಗಳು ಶಮ್ಮಾ.
ಅನ್ಫೂಝ್ ಎಂಬ ಹೆಸರು ಅವರ ಬಾಯಲ್ಲೇ ನಾನು ಕೇಳಿದ್ದು;
ಚೀಟಿಯಲ್ಲಿ ನಾವು ಬೇರೆ ಏನೋ ಬರೆದಿದ್ದೆವು.
ಎರಡೂ ನಿಮ್ಮ ಕಡಲಿನದ್ದೇ ಅರ್ಬಾಬ್, ಎಂದರು ಚೆಯ್ಯಬ್ಬ.
ಮುದುಕರು ಉತ್ತರ ಕೊಡದೆ ಕೈ ಎತ್ತಿದರು.
ಹೆಬ್ಬೆರಳ ಬುಡದಲ್ಲಿ ಹಗ್ಗ ಕೊರೆದ ಗುರುತು.
ಗಂಗೊಳ್ಳಿಯಲ್ಲಿ ಕೈರಂಪಣಿ ಎಳೆಯುತ್ತಿದ್ದ
ನಮ್ಮ ಅಜ್ಜಯ್ಯನಿಗೂ ಅಲ್ಲೇ, ಅದೇ ಜಾಗದಲ್ಲಿ.
ಕೈ ನಡುಗುತ್ತಿತ್ತು, ನೆರಳೂ.
ಒಂದು ಅಡಗಿತು.
ಒಂದು ಬಂದು ಬೆರಳ ತುದಿ ಹೀರಿತು.

ಶಮ್ಮಾ ನಕ್ಕಳು. ಅವಳಿಗೆ ಅದೇ ಬೇಕು.
ಮುದುಕರು ಬಹಳ ಹೊತ್ತು ಕಲ್ಲನ್ನೇ ನೋಡಿದರು,
ಮೀನು ಕಾಣದ ಕಲ್ಲನ್ನು.
ಆಮೇಲೆ ಅರಬಿಯಲ್ಲಿ ಅಂದದ್ದು
ನನಗೆ ತಿಳಿದಷ್ಟು ಇಷ್ಟು:
ವಿಮಾನದಲ್ಲಿ ಬಂದದ್ದನ್ನೇ ಕಟ್ಟಿಕೊಡು, ಅದಕ್ಕೆ ದಾರಿ ಗೊತ್ತಿಲ್ಲ.
ದಾರಿ ಗೊತ್ತಿದ್ದದ್ದನ್ನು ಮನೆಯಲ್ಲಿಟ್ಟು
ದಿನಾ ಅದರ ಮುಖ ನೋಡುವುದು ನನ್ನಿಂದಾಗದು.

ಚೆಯ್ಯಬ್ಬ ಅವತ್ತು ಹತ್ತು ದಿರ್ಹಮ್ ಕಡಿಮೆ ಮಾಡಿದರು,
ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಉಳಿದದ್ದು ಇಲ್ಲೇ ಉಳಿಯಿತು. ಈಗ ಐದು ತಿಂಗಳು.
ಅದರ ಪಕ್ಕದ್ದು ಮೊನ್ನೆಯ ಪಾರ್ಸೆಲ್ಲಿನದು.
ದಿನಾ ರಾತ್ರಿ ಬಾಗಿಲೆಳೆದ ಮೇಲೆ
ಸಿಗಡಿ ಚೂರು ಮಾಡಿ ನಾನೇ ಹಾಕುತ್ತೇನೆ.
ನಿನ್ನೆ ಕೈ ಚಾಚಿದೆ,
ನೆರಳು ಬಿತ್ತು,
ಅದು ಕಲ್ಲಿನಿಂದ ಹೊರಟು ಅರ್ಧ ದಾರಿ ಬಂದು ನಿಂತಿತು.
ನಾನೇ ಕೈ ಹಿಂದೆ ತೆಗೆದೆ.

ಆದ್ದರಿಂದ ನೆರಳನ್ನು ತೀರಾ ನಂಬಬೇಡ ಸುಕೇಶ.
ಕೆಲವು ತಿಂಗಳ ಮೇಲೆ ಬಾಲದ ಗೆರೆಯೊಂದೇ ಗತಿ.
ಈಗ ಹಿಡಿ ಕೈ.
ತಡಿ, ಮೊದಲು ತೊಳೆದುಕೊ.
ಸೋಪು ಬೇಡ.