ಚಕ್ಕುಬಂದಿ

ಹಿರಿಯಡ್ಕದಾಚೆ, ಮುರಕಲ್ಲು ಗುಡ್ಡದ ಬುಡ.
ಸರಪಳಿಯ ಒಂದು ತುದಿ ನನ್ನ ಕೈಯಲ್ಲಿ.
ಎಪ್ಪತ್ತೈದನೇ ಇಸವಿ; ಉಳುವವನೇ ಒಡೆಯ.
ಅರ್ಜಿದಾರರು ಸಾಲಾಗಿ ನಿಂತಿದ್ದರು,
ಕಂಕುಳಲ್ಲಿ ಗೇಣಿಚೀಟಿ, ಬಾಯಿ ತುಂಬ ಎಲೆಯಡಿಕೆ.

ಐತೆಯ ಬಳಿ ಚೀಟಿಯಿರಲಿಲ್ಲ.
ಮುಳ್ಳು ಸವರಿ, ಹಾವು ಓಡಿಸಿ
ಅಜ್ಜಿ ನೆಲೆ ಮಾಡಿದ ಜಾಗ, ಎಂದಳು
ಹತ್ತು ಮಾರು ದೂರದಿಂದಲೇ,
ಹೆಣೆಯುತ್ತಿದ್ದ ಬುಟ್ಟಿ ಕೈಯಲ್ಲೇ ಇತ್ತು.
ಹತ್ತಿರ ಬಾ ಎನ್ನಲಿಲ್ಲ ಯಾರೂ.
ನಾನೂ.

ಬರೆದೆ. ನನ್ನ ಅಕ್ಷರ ಆಗ ದುಂಡಗಿತ್ತು:
ಪೂರ್ವಕ್ಕೆ ತೋಡು, ದಕ್ಷಿಣಕ್ಕೆ ಕುಮ್ಕಿ,
ಪಶ್ಚಿಮಕ್ಕೆ ಧೂಪದ ಮರ,
ಉತ್ತರಕ್ಕೆ ಕೊರಗರ ಗುಡಿಸಲು.
ನಡುವಿನದೆಲ್ಲ ನೇಮಣ್ಣ ಶೆಟ್ಟಿಗೆ.

ಮುಂದಿನ ಮಳೆಗಾಲಕ್ಕೆ ಗುಡಿಸಲಿಲ್ಲ.
ಕಾಗದದಲ್ಲಿ ಇತ್ತು. ಇದೆ.

ಈಗ ಶೆಟ್ಟರ ಮೊಮ್ಮಕ್ಕಳೊಳಗೆ ವ್ಯಾಜ್ಯ.
ಉಡುಪಿ ಕೋರ್ಟಿನ ಕಮಿಷನರು ಉತ್ತರದ ಗಡಿ ಹುಡುಕುತ್ತಾರೆ.
ಐತೆಯನ್ನು ಜೀಪಿನಲ್ಲಿ ಕರೆತಂದರು,
ಮುಂದಿನ ಸೀಟಿನಲ್ಲೇ ಕೂರಿಸಿ;
ನನ್ನನ್ನು ಹಿಂದೆ.

ಅವಳು ಅತ್ತಿತ್ತ ನೋಡಲೇ ಇಲ್ಲ.
ನೇರ ನಡೆದು ಕುಕ್ಕರುಗಾಲಲ್ಲಿ ಕೂತು
ಬೆರಳಿಂದ ಕೆದಕಿದಳು:
ಕಪ್ಪು ಮಣ್ಣು, ಒಂದು ಒಲೆಗಲ್ಲು.
ಸೆರಗಲ್ಲಿ ಒರೆಸಿ ಮಡಿಲಿಗೆ ಹಾಕಿಕೊಂಡು
ನನ್ನನ್ನೇ ಕೇಳಿದಳು,
ಇದಾದರೂ ನಂದಲ್ವಾ ಧಣಿ?

ಅಲ್ಲೇ ಇಡಮ್ಮ, ಎಂದರು ಕಮಿಷನರು,
ಅದು ಗುರುತು.