ಕಾವು

ಲಂಡನ್ನಿನಲ್ಲಿ ಯಾರೋ ಒಂದು ಅಂಕಿ ಅಳಿಸಿ
ಅದಕ್ಕಿಂತ ಸಣ್ಣದೊಂದು ಬರೆದರಂತೆ.
ನಮ್ಮ ಗಣಿ ಕಾಲೊನಿಗೆ ಅದು ತಿಳಿದದ್ದು
ಕೆಮ್ಮು ನಿಂತಾಗ.

ಮೊದಲ ವಾರ ಯಾರೂ ಗಮನಿಸಲಿಲ್ಲ.
ತಾಮ್ರದ ಕುಲುಮೆ ಆರಿಸಿ ಗೇಟಿಗೆ ಚೀಟಿ ಅಂಟಿಸಿದ್ದರು,
ಗಂಡಸರು ಅದನ್ನೇ ಓದುತ್ತಿದ್ದರು, ಮತ್ತೆ ಮತ್ತೆ,
ಬೇರೆ ಅರ್ಥ ಹೊರಟೀತೆಂದು.
ಎರಡನೆಯ ವಾರ ಅತ್ತೆ, ಬನಾ ಕಸೊಂಡೆ,
ರಾತ್ರಿಯಿಡೀ ನಿದ್ದೆ ಮಾಡಿ ಎದ್ದು
ಹೆದರಿ ಕೇಳಿದಳು: ಸತ್ತೆನೇನೆ ನಾನು?
ಇಪ್ಪತ್ತು ವರ್ಷದಲ್ಲಿ ಅವಳೆದೆ ಅಷ್ಟು ಸುಮ್ಮನಿದ್ದದ್ದಿಲ್ಲ.

ಸೆಂಟಾ ಅನ್ನುತ್ತೇವೆ ಆ ಹೊಗೆಗೆ.
ಗಾಳಿ ಇತ್ತ ತಿರುಗಿದರೆ ಬಟ್ಟೆ ಸೆಳೆದು ಒಳಗೋಡುವುದು,
ಮಕ್ಕಳ ಮೂಗಿಗೆ ಒದ್ದೆ ಚಿಂದಿ,
ಮದುವೆಯಾಗಿ ಬಂದ ದಿನವೇ ಕಲಿತ ಪಾಠ.
ತಗಡಿನ ಮಾಡು ಜರಡಿ. ನೆಲ ಬೋಳು.
ಮಾವಿನ ಮರವೊಂದು ಮಾತ್ರ
ವಸೂಲಿಗೆ ಬಂದವನ ಹಾಗೆ ಮೊಂಡು ಹಿಡಿದು ನಿಂತಿತ್ತು.

ಆಮೇಲೆ ಹುಲ್ಲು.
ಹುಲ್ಲು ಅಂದರೆ ಹುಲ್ಲೇ. ಬಚ್ಚಲ ಹಿಂದೆ, ಶಾಲೆ ಮೆಟ್ಟಿಲ ಸಂದಿಯಲ್ಲಿ.
ಕಸೊಂಡೆ ಕುಕ್ಕರುಗಾಲಲ್ಲಿ ಕೂತು ನೋಡಿದ,
ಹದಿನಾಲ್ಕು ವರ್ಷ ಕರಗಿದ ಲೋಹದ ಮುಖ ನೋಡಿದವನು,
ಬೆರಳು ತಾಗಿಸಿ, ಸುಟ್ಟೀತೆಂಬಂತೆ ಹಿಂದೆಗೆದ.
ನಾನು ಟೊಮೆಟೊ ಹಾಕಿದೆ. ಬಂತು.
ಹೊಳೆಯೂ ತಿಳಿಯಾಗಿದೆಯಂತೆ, ತಳದ ಕಲ್ಲು ಕಾಣುತ್ತದಂತೆ.
ನೋಡಲು ಹೋಗಲಿಲ್ಲ. ಬಸ್ಸಿಗೆ ಕಾಸಿರಲಿಲ್ಲ.

ಮೇ ತಿಂಗಳಲ್ಲಿ ಕರೆಂಟಿನವರು ಬಂದು ತಂತಿ ಕತ್ತರಿಸಿದರು.
ಅಂದೇ ಸಂಜೆ ಅವನು ಕೊಡಲಿ ತಂದ, ಅಲಗು ಮಾತ್ರ.
ಕುಲುಮೆಯ ಕಾವು ಆರಿತ್ತು,
ಈಗ ಕೊಡಲಿಗೊಂದು ಕಾವು ಬೇಕು.
ಗುಡ್ಡವೇ ಕೊಟ್ಟಿತು ಮುತೊಂಡೊ ಮರದ ಕೊಂಬೆ.
ಕೂತು ಕೆತ್ತಿದ, ನಯವಾಗಿ, ಏನೋ ಗುನುಗುತ್ತ,
ಕೆಲಸ ಸಿಕ್ಕವನ ಹಾಗೆ.

ಮಣ್ಣು ಮುಚ್ಚಿದ ಗೂಡಿನಲ್ಲಿ ಮರ
ಒಳಗೊಳಗೇ ಬೇಯುತ್ತದೆ ಹತ್ತು ದಿನ,
ಸಿಟ್ಟು ನುಂಗಿದ ಹೆಂಗಸಿನ ಹಾಗೆ.
ಬಗೆದು ತೆಗೆದರೆ ಇದ್ದಿಲು. ತಟ್ಟಿದರೆ ಗಾಜಿನ ಸದ್ದು.
ಸೈಕಲ್ಲಿಗೆ ನಾಲ್ಕು ಚೀಲ, ತಲೆಗೆ ಕಂಪನಿಯ ಹೆಲ್ಮೆಟ್ಟು,
ಕಿಟ್ವೆ ಹೆದ್ದಾರಿಯಲ್ಲಿ ಕುಲುಮೆಯವರು, ಸುರಂಗದವರು,
ಗುಮಾಸ್ತರು ಕೂಡ, ಇರುವೆ ಸಾಲು.
ಅರಣ್ಯದ ಗಾರ್ಡ್ ಸಿಂಪುಂಗ್ವೆ ತಡೆಯಲಿಲ್ಲ.
ಏಳು ತಿಂಗಳಿಂದ ಅವನಿಗೂ ಸಂಬಳವಿರಲಿಲ್ಲ.
ಚೀಲಕ್ಕೊಂದು ಬೊಗಸೆ ತೆಗೆದುಕೊಂಡು
ಪುಸ್ತಕದಲ್ಲಿ ಬರೆದ; ಯಾರಿಗೊಪ್ಪಿಸುವ ಲೆಕ್ಕವೋ.

ನವೆಂಬರಿನ ಮಳೆಗೆ ಕಂಬಳಿಹುಳು ಆರಿಸುವುದು ವಾಡಿಕೆ,
ಹಿಂಡಿ, ಉಪ್ಪು ಹಚ್ಚಿ ಒಣಗಿಸಿದರೆ ವರ್ಷದ ವ್ಯಂಜನ.
ಅತ್ತೆ ಬುಟ್ಟಿ ಹೊತ್ತು ಹೋದವಳು ಬೇಗ ಬಂದಳು.
ಗುಡ್ಡ ಎಲ್ಲಿಟ್ಟಿರಿ? ಎಂದಳು,
ಕತ್ತರಿ ಎಲ್ಲಿಟ್ಟಿರಿ ಎನ್ನುವ ದನಿಯಲ್ಲಿ.
ಕಸೊಂಡೆ ಒಲೆಯ ಕಡೆ ನೋಡಿದ.
ಅವಳ ಕೆಮ್ಮು ಆಗಲೇ ಮರಳಿತ್ತು,
ಈ ಸಲ ಮನೆಯೊಳಗಿನದೇ ಹೊಗೆಗೆ.

ಮರುವರ್ಷ ಯಾರೋ ದೊಡ್ಡ ಅಂಕಿ ಬರೆದರು.
ಸೈರನ್ ಕೂಗಿತು. ಊರಿಗೆ ಊರೇ ಗೇಟಿಗೆ ಓಡಿತು,
ನಾನೂ ಓಡಿದೆ, ಕೈಗೆ ಹಿಟ್ಟು ಮೆತ್ತಿದ್ದ ಹಾಗೇ.
ಚಿಮಣಿಯ ಬಾಯಲ್ಲಿ ಹಳದಿ ಎಳೆಯೊಂದು ಕಂಡಾಗ
ಚಪ್ಪಾಳೆ ತಟ್ಟಿದೆವು.
ಸುಳ್ಳೇಕೆ, ನನಗೆ ಕಣ್ಣೀರು ಬಂತು,
ಹೊಗೆಯಿನ್ನೂ ಅಷ್ಟು ದೂರ ಬಂದಿರಲಿಲ್ಲ.
ನಡುವೆ ಹುಟ್ಟಿದ ಮ್ವಿಲಾ ಆ ರಾತ್ರಿ ಮುಖ ಕಿವುಚಿ ಸೀನಿದ.
ಅಪ್ಪನ ಸಂಬಳ ಕಣೋ, ಎಂದೆ.

ಟೊಮೆಟೊ ಮೂರೇ ದಿನಕ್ಕೆ ಸುಟ್ಟುಹೋಯಿತು.
ಕೊಡಲಿ ಬಾಗಿಲ ಹಿಂದಿದೆ, ಅಂಗೈ ಉಜ್ಜಿ ಹೊಳೆಯುವ ಕಾವು.
ಮಾರಿಬಿಡು ಅಂದರೆ ಇರಲಿ ಅನ್ನುತ್ತಾನೆ,
ರೇಡಿಯೊದಲ್ಲಿ ತಾಮ್ರದ ದರಕ್ಕೆ ಕಿವಿಯಿಟ್ಟು.

ಮೊನ್ನೆ ಗುಡ್ಡಕ್ಕೆ ಹೋಗಿದ್ದೆ.
ಕಡಿದ ಬುಡಗಳಲ್ಲಿ ಚಿಗುರು, ಮೊಣಕಾಲೆತ್ತರ, ಇನ್ನೂ ಕೆಂಪು.
ಎಲೆಯಡಿ ಹುಡುಕಿದರೆ ಏಳು ಹುಳು.
ಎರಡನ್ನಾದರೂ ಬಿಡೋಣ ಅನ್ನಿಸಿತು,
ಅತ್ತೆಯ ಬಾಯಿರುಚಿ ಕೆಟ್ಟು ಬಹಳ ದಿನವಾಗಿತ್ತು.
ಏಳನ್ನೂ ಬುಟ್ಟಿಗೆ ಹಾಕಿ ಇಳಿಯುವಾಗ
ಗಾಳಿ ಇತ್ತ ತಿರುಗಿತು.
ಉಟ್ಟ ಚಿತೆಂಗೆಯ ಅಂಚು ಎತ್ತಿ
ಮೊದಲು ಬುಟ್ಟಿಗೆ ಮುಚ್ಚಿದೆ, ಆಮೇಲೆ ಮೂಗಿಗೆ.